ನಗರ ಜಿಲ್ಲೆಯ ಹಳ್ಳಿಗರು

ಮೂರು ವರ್ಷಗಳ ಹಿಂದೆ, ಗ್ರಾಮೀಣ ವ್ಯಾಸಂಗದ ಪ್ರಮಾಣಪತ್ರವೊಂದರ ಸಲುವಾಗಿ ನಾನೂ ನನ್ನ ತಂದೆಯವರೂ ಒಂದು ಕಚೇರಿಯ ಮುಂದೆ ನಿಂತಿದ್ದೆವು. ಅರ್ಜಿಯನ್ನು ನೋಡಿದ ಗುಮಾಸ್ತರು, "ಜಿಲ್ಲೆ ಬೆಂಗಳೂರು ನಗರ ಅಂತ ಬರೆದಿದ್ದೀರಿ. ಇದರಲ್ಲಿ ಗ್ರಾಮೀಣ ಎಲ್ಲಿಂದ ಬಂತು ಯಜಮಾನ್ರೆ?" ಎಂದು ನಕ್ಕರು. ತಂದೆಯವರು ಮರುಮಾತಾಡಲಿಲ್ಲ. ರಾಗಿ ಹೊಲದ ಕೆಲಸ ಬಿಟ್ಟು ಮೂರು ದಿನ ಅಲೆದ ಮೇಲೆ ಕಾಗದವೇನೋ ಕೈಗೆ ಬಂತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಅಂದು ಆ ನಗೆಗೆ ಕೊಡಲಾರದೆ ಹೋದ ಉತ್ತರವನ್ನು, ಅಷ್ಟಿಷ್ಟು ಭೂಗೋಳ ಓದಿದ ಧೈರ್ಯದಿಂದ ಇಂದು ಕೊಡಲು ಯತ್ನಿಸುತ್ತೇನೆ.

ನನ್ನ ಊರಿರುವುದು ಬೆಂಗಳೂರು ಪೂರ್ವ ತಾಲ್ಲೂಕಿನ ಬಿದರಹಳ್ಳಿ ಹೋಬಳಿಯಲ್ಲಿ. ಅಲ್ಲಿಂದ ಕೃಷ್ಣರಾಜಪುರಕ್ಕೆ ಬಂದು, ಹಳೆಯ ಮದರಾಸು ರಸ್ತೆ ಹಿಡಿದು, ಹಲಸೂರನ್ನು ದಾಟಿ ಶಿವಾಜಿನಗರದಲ್ಲಿ ಇಳಿಯುವುದು ನನ್ನ ನಿತ್ಯದ ಪ್ರಯಾಣ. ನಮ್ಮೂರ ಹಿರಿಯರ ಬಾಯಲ್ಲಿ ಈ ಭಾಗವೆಲ್ಲ ಇಂದಿಗೂ 'ದಂಡು'. ನಾನು ದಿನವೂ ದಂಡಿಗೆ ಹೋಗಿ ಬರುವವನು.

ಮೊದಲು ನೆಲದ ಮಾತು. ಬೆಂಗಳೂರು ಒಂದು ಎತ್ತರದ ದಿಣ್ಣೆಯ ಮೇಲೆ ಬೆಳೆದ ಪಟ್ಟಣ. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುತ್ತದೆ. ಪೂರ್ವಕ್ಕೆ ಬಿದ್ದುದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಹಲಸೂರು ಕೆರೆಯ ಕೋಡಿ ನೀರು ಬೆಳ್ಳಂದೂರಿಗೂ ಅಲ್ಲಿಂದ ವರ್ತೂರಿಗೂ ಇಳಿದು ಪಿನಾಕಿನಿಯ ಪಾಲಾಗುತ್ತದೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಹೊಸಕೋಟೆಯ ಕಡೆಯಿಂದ ತಮಿಳುನಾಡಿಗೆ ಸಾಗುವ ಈ ನದಿಯನ್ನು ನಂಬಿ ವರ್ಷವಿಡೀ ಬೇಸಾಯ ಮಾಡುವಂತಿರಲಿಲ್ಲ. ಆದುದರಿಂದಲೇ ಹಿಂದಿನವರು ಇಳಿಜಾರಿಗೆ ಅಡ್ಡಲಾಗಿ ಸಾಲುಗೆರೆಗಳನ್ನು ಕಟ್ಟಿದರು. ಕೆರೆಯ ಕೆಳಗೆ ಬತ್ತವನ್ನೂ ಕೆಂಪು ಮಣ್ಣಿನ ಹೊಲಗಳಲ್ಲಿ ರಾಗಿ, ಹುರುಳಿ, ಅವರೆಗಳನ್ನೂ ಬೆಳೆದರು. ಪಟ್ಟಣ ಬಳಸಿ ಚೆಲ್ಲಿದ ನೀರೂ ಕ್ರಮೇಣ ಇದೇ ದಾರಿ ಹಿಡಿಯಿತು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಕಳುಹಿಸುವ ಕೆಲಸ 2018ರಲ್ಲಿ ಆರಂಭವಾಯಿತು. ಪಟ್ಟಣದ ನೀರು ಹಳ್ಳಿಯ ಕೆರೆಗೆ, ಹಳ್ಳಿಯ ತರಕಾರಿ ಪಟ್ಟಣದ ಪೇಟೆಗೆ: ಸಂಬಂಧ ಇಷ್ಟು ಹತ್ತಿರದ್ದು.

ಇನ್ನು ಜನರ ಲೆಕ್ಕ. 1986ರಲ್ಲಿ ಬೆಂಗಳೂರು ಜಿಲ್ಲೆಯನ್ನು 'ನಗರ' ಮತ್ತು 'ಗ್ರಾಮಾಂತರ' ಎಂದು ಎರಡಾಗಿ ಒಡೆಯಲಾಯಿತು. 2011ರ ಜನಗಣತಿಯಲ್ಲಿ ನಗರ ಜಿಲ್ಲೆಯ ಜನಸಂಖ್ಯೆ 96,21,551. ಗ್ರಾಮಾಂತರ ಜಿಲ್ಲೆಯದು 9,90,923. ಇಲ್ಲಿಯವರೆಗೆ ಆಶ್ಚರ್ಯವೇನೂ ಇಲ್ಲ. ಆದರೆ ಅದೇ ಗಣತಿಯ ಪ್ರಕಾರ, ಹಳ್ಳಿಗಳಲ್ಲಿ ವಾಸಿಸುತ್ತಿದ್ದವರು ಗ್ರಾಮಾಂತರ ಜಿಲ್ಲೆಯಲ್ಲಿ ಸುಮಾರು 7 ಲಕ್ಷ 22 ಸಾವಿರ. ನಗರ ಜಿಲ್ಲೆಯಲ್ಲಿ ಸುಮಾರು 8 ಲಕ್ಷ 71 ಸಾವಿರ! ಗ್ರಾಮಾಂತರಕ್ಕಿಂತ ನಗರದಲ್ಲಿಯೇ ಹಳ್ಳಿಗರು ಹೆಚ್ಚು. ಗುಮಾಸ್ತರ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಬೇಕೆ? ನೂರಕ್ಕೆ ಒಂಬತ್ತರಷ್ಟು ಇದ್ದ ನಾವು ಉಳಿದ ತೊಂಬತ್ತೊಂದರ ಗುಂಪಿನಲ್ಲಿ ಕಾಣದೆ ಹೋದೆವು, ಅಷ್ಟೆ.

"ನಗರವೆನಿಸಿಕೊಂಡರೆ ಒಳ್ಳೆಯದೇ ಅಲ್ಲವೆ? ನೆಲಕ್ಕೆ ಬೆಲೆ ಬರುತ್ತದೆ" ಎಂದು ಮಿತ್ರರೊಬ್ಬರು ವಾದಿಸಿದರು. ಬೆಲೆ ಬರುವುದು ಮಾರುವವನಿಗೆ. ಉಳುವವನಿಗೂ, ನೆಲವೇ ಇಲ್ಲದ ಕೂಲಿಯವನಿಗೂ ಅದರಿಂದ ಬಂದ ಭಾಗ್ಯವೇನು? ಹೆಸರು ಮುಂದಾಗಿ ಬಂದು ನಲ್ಲಿಯ ನೀರು ಹಿಂದುಳಿದರೆ ಹಳ್ಳಿಯವನಿಗೆ ಎರಡೂ ಕಡೆ ನಷ್ಟ: ಪಟ್ಟಣದ ಸೌಕರ್ಯ ಸಿಗಲಿಲ್ಲ, ಹಳ್ಳಿಯವನೆಂಬ ಹಕ್ಕನ್ನೂ ನಂಬುವವರಿಲ್ಲ.

2025ರ ಜುಲೈನಲ್ಲಿ ರಾಜ್ಯದ ಸಚಿವ ಸಂಪುಟವು ಗ್ರಾಮಾಂತರ ಜಿಲ್ಲೆಗೆ 'ಬೆಂಗಳೂರು ಉತ್ತರ' ಎಂಬ ಹೆಸರನ್ನು ಒಪ್ಪಿತು. ಬೆಂಗಳೂರೆಂಬ ಹೆಸರಿನ ಬಲದಿಂದ ಉದ್ಯೋಗಗಳು ಬರಲೆಂಬ ಆಸೆ ಸಹಜವಾದುದೇ. ಅದನ್ನು ನಾನು ಹಳಿಯಲಾರೆ. ಆದರೆ ನಮ್ಮ ತಂದೆಯವರಿಗೆ ಆದ ಅನುಭವ ನಾಳೆ ಹೊಸಕೋಟೆಯ, ದೇವನಹಳ್ಳಿಯ ರೈತನಿಗೂ ಆಗಬಾರದು. ಯಾರು ಹಳ್ಳಿಗರೆಂಬುದನ್ನು ಜಿಲ್ಲೆಯ ಹೆಸರಿನಿಂದ ಅಳೆಯದೆ, ಊರೂರಿನ ಲೆಕ್ಕದಿಂದ ತಿಳಿಯಬೇಕೆಂಬುದೇ ನನ್ನ ವಾದದ ತಿರುಳು.

2021ರಲ್ಲಿ ಆಗಬೇಕಾಗಿದ್ದ ಗಣತಿ ಮುಂದೆ ಹೋಗಿ, ಹೊಸ ಗಣತಿಗೆ 2027ರ ಮಾರ್ಚ್ 1 ಆಧಾರದಿನವೆಂದು ಗೊತ್ತಾಗಿದೆ. ಗಣತಿದಾರರು ಮನೆಗೆ ಬಂದಾಗ ಅಪ್ಪ, ಅಮ್ಮ, ಅಜ್ಜಿಯರ ಕಸುಬನ್ನು ಸರಿಯಾಗಿ ಬರೆಸುವುದು ಓದಿದ ಮಕ್ಕಳಾದ ನಮ್ಮ ಕೆಲಸ. ಹೊಲದಲ್ಲಿ ದಿನವಿಡೀ ದುಡಿಯುವ ತಾಯಿಯನ್ನು 'ಮನೆಗೆಲಸ' ಎಂದು ಬರೆಸಿ ಸುಮ್ಮನಾಗಬಾರದು. ಭೂಗೋಳದ ಪಾಠವೆಲ್ಲ ಅಷ್ಟರಮಟ್ಟಿಗೆ ನಮ್ಮ ಊರಿಗೆ ಉಪಯೋಗವಾದರೂ, ದಂಡಿಗೆ ಮೂರು ವರ್ಷ ಬಂದುಹೋದ ನನ್ನ ಬಸ್ಸಿನ ಖರ್ಚು ದಂಡವಾಗಲಿಲ್ಲವೆಂದು ತಿಳಿಯುತ್ತೇನೆ.