ಹಾರ್ಡ್‌ವೇರ್ ಅಂಗಡಿಯೂ ನಮ್ಮ ಮಡಿವಂತಿಕೆಯೂ

ಶಾಲೆಯಲ್ಲಿ ಪಾಠ ಹೇಳುವ ಹೆಂಗಸು ಮಲಗುವ ಕೋಣೆಯ ಮಾತು ಬರೆಯಬಾರದೆಂದು ಕೆಲವರ ಅಂಬೋಣ. ಬಲ್ಲವರೆಲ್ಲ ಬಾಯಿ ಮುಚ್ಚಿ ಕುಳಿತರೆ ಇನ್ನು ಯಾರು ಬರೆಯಬೇಕು? ಕೇಳಿ ಕೊಳ್ಳಲು ನಾಚಿಕೆ, ಕೊಳ್ಳಲು ಹಣವೂ ಇಲ್ಲ. ಹಾಗಾಗಿ ಹಾರ್ಡ್‌ವೇರ್ ಅಂಗಡಿಯ ಪೈಪು, ಹಗ್ಗ, ಸ್ಪಂಜು, ವಾಷರುಗಳಿಂದ ಶೃಂಗಾರದ ಸಾಧನಗಳನ್ನು ಮನೆಯಲ್ಲೇ ಮಾಡಿಕೊಳ್ಳುವ ವಯಸ್ಕರು ಇದ್ದಾರೆ. ಅವರನ್ನು ವಿಕೃತರೆಂದು ಜರೆಯುವವರೊಡನೆ ನನ್ನ ಜಗಳ.

ಇದು ನಮ್ಮ ಸಂಸ್ಕೃತಿಯಲ್ಲವಂತೆ! ವಾತ್ಸ್ಯಾಯನನ ಕಾಮಸೂತ್ರದ ಕೊನೆಯ ಅಧಿಕರಣವನ್ನು ಇವರು ತೆರೆದು ನೋಡಿದ್ದಾರೆಯೇ? ಅಲ್ಲಿ 'ಅಪದ್ರವ್ಯ'ಗಳ ಮಾತಿದೆ. ಚಿನ್ನ, ಬೆಳ್ಳಿ, ತಾಮ್ರ, ದಂತಗಳಿಂದ ಮಾಡಿದವು ಉಳ್ಳವರಿಗೆ. ಅವು ಸಿಗದಿದ್ದರೆ ಸೋರೆಯ ದಂಟು, ಬಿದಿರಿನ ಕೊಳವೆಗಳನ್ನು ಎಣ್ಣೆಯಲ್ಲಿ ಹದಮಾಡಿ ದಾರದಿಂದ ಸೊಂಟಕ್ಕೆ ಕಟ್ಟಿಕೊಳ್ಳಬಹುದೆಂದು ಆ ಪುಣ್ಯಾತ್ಮ ಹೇಳಿದ್ದಾನೆ. ಹಾರ್ಡ್‌ವೇರ್ ಅಂಗಡಿಯಿಲ್ಲದ ಕಾಲದ ಬಡವನ ಉಪಾಯ ಅದು. ಕನ್ನಡದಲ್ಲಿಯೂ 11ನೇ ಶತಮಾನದಲ್ಲೇ ಚಂದ್ರರಾಜ 'ಮದನತಿಲಕ' ಬರೆದ. ನಮ್ಮ ಕಾಲದಲ್ಲಿ ಡಾ. ಅನುಪಮಾ ನಿರಂಜನ 'ದಾಂಪತ್ಯ ದೀಪಿಕೆ' ಬರೆದರು. ಮಾತಾಡುವುದು ನಮ್ಮ ಪರಂಪರೆ. ಬಾಯಿ ಮುಚ್ಚಿಸುವುದೇ ಹೊಸತು.

ಇನ್ನು ಕಾನೂನಿನ ಗುಮ್ಮ. 1860ರ ದಂಡಸಂಹಿತೆಯ 292ನೇ ಕಲಮು 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 294 ಆಗಿದೆ. ಅದು ಹೇಳುವುದು ಅಶ್ಲೀಲ ವಸ್ತುವಿನ ಮಾರಾಟ, ಹಂಚಿಕೆ, ಬಹಿರಂಗ ಪ್ರದರ್ಶನ, ಅವುಗಳಿಗಾಗಿ ಮಾಡುವ ತಯಾರಿಕೆಯ ಮಾತನ್ನು. ಇಬ್ಬರು ವಯಸ್ಕರು ಬಾಗಿಲು ಹಾಕಿಕೊಂಡು ತಮಗಾಗಿ ಮಾಡಿಕೊಂಡದ್ದರ ಸುದ್ದಿ ಅದರಲ್ಲಿಲ್ಲ.

ಹಾಗೆಂದು ಕೈಗೆ ಸಿಕ್ಕಿದ್ದೆಲ್ಲ ಸಲ್ಲುತ್ತದೆಯೇ? ಖಂಡಿತ ಇಲ್ಲ. ಮೌನ ಅಪಾಯವಾಗುವುದು ಇಲ್ಲಿಯೇ. ಕತ್ತರಿಸಿದ ಪೈಪಿನ ಅಂಚು ಬ್ಲೇಡಿನಂತೆ ಕುಯ್ಯುತ್ತದೆ. ತೋಟಕ್ಕೆ ನೀರು ಬಿಡುವ ಮೆತ್ತನೆಯ ಪಿ.ವಿ.ಸಿ.ಯಲ್ಲಿ ಥ್ಯಾಲೇಟ್‌ನಂಥ ರಾಸಾಯನಿಕಗಳಿರಬಹುದು, ಅವು ಒಸರುತ್ತವೆ. ಸ್ಪಂಜಿನ ರಂಧ್ರಗಳಲ್ಲಿ ಕೊಳೆ ಕೂರುತ್ತದೆ, ಎಷ್ಟು ತೊಳೆದರೂ ಹೋಗದು. ಆದ್ದರಿಂದ ಪ್ರತಿ ಸಲವೂ ಹೊಸ ನಿರೋಧ್ ಹೊದಿಸಬೇಕು. ಆದರೆ ಅದಕ್ಕೆ ಕೊಬ್ಬರಿ ಎಣ್ಣೆ ಸವರಿದಿರೋ, ರಬ್ಬರು ಸಡಿಲವಾಗಿ ಹರಿಯುತ್ತದೆ. ಔಷಧದಂಗಡಿಯಲ್ಲಿ ಸಿಗುವ, ನೀರಿನಲ್ಲಿ ಕರಗುವ ಜೆಲ್ಲಿಯೇ ಸರಿ. ಬುಡ ಅಗಲವಿಲ್ಲದ ವಸ್ತು ಗುದದ್ವಾರದೊಳಗೆ ಜಾರಿದರೆ ಆಪರೇಷನ್ನಿನವರೆಗೂ ಹೋದೀತು. ಲೋಹದ ಬಳೆ, ನಟ್ಟುಗಳನ್ನು ಗಂಡಸಿನ ಅಂಗಕ್ಕೆ ತೊಡಿಸಿದರೆ ಊದಿಕೊಂಡು ಸಿಕ್ಕಿಹಾಕಿಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆಯಬೇಕಾದೀತು. ಹಗ್ಗವೆಂದರೆ ಎರಡು ಬೆರಳು ತೂರುವಷ್ಟು ಸಡಿಲವಿರಲಿ, ಕತ್ತರಿ ಪಕ್ಕದಲ್ಲಿರಲಿ, ಜೋಮು ಹಿಡಿದ ಕೂಡಲೇ ಬಿಚ್ಚಿ. ಕುತ್ತಿಗೆಗೆ ಮಾತ್ರ ಎಂದೆಂದಿಗೂ ಬೇಡ. ಎಲ್ಲಕ್ಕಿಂತ ಮೊದಲು, ಜೊತೆಯವರ ಒಪ್ಪಿಗೆ ಇರಬೇಕು. 'ಬೇಡ' ಎಂದರೆ ಅಲ್ಲಿಗೆ ಮುಗಿಯಿತು.

ಇಷ್ಟು ಹೇಳಲು ಒಂದು ಪಿರಿಯಡ್ಡಿನ ಅರ್ಧವೂ ಬೇಡ. ವಯಸ್ಸಿಗೆ ಬಂದ ಮಕ್ಕಳಿಗೆ ಈ ಸಾಧನಗಳ ಪಾಠ ಮಾಡಿ ಎಂದು ನಾನು ಹೇಳುತ್ತಿಲ್ಲ. ತಮ್ಮ ದೇಹವನ್ನು ಅರಿಯುವ ಪಾಠವನ್ನಾದರೂ ಮಾಡಿ ಎನ್ನುತ್ತೇನೆ. 2007ರಲ್ಲಿ ಹದಿಹರೆಯದವರ ಶಿಕ್ಷಣ ಕಾರ್ಯಕ್ರಮವನ್ನು ಬೇಡವೆಂದ ರಾಜ್ಯಗಳಲ್ಲಿ ನಮ್ಮದೂ ಒಂದು. ಸಂತಾನೋತ್ಪತ್ತಿಯ ಪಾಠ ಬಂದಾಗ 'ಮನೆಯಲ್ಲಿ ಓದಿಕೊಳ್ಳಿ' ಎನ್ನುವ ನನ್ನ ವೃತ್ತಿಬಾಂಧವರಿಗೇನೂ ಕೊರತೆಯಿಲ್ಲ. ಹೀಗೆ ಬೆಳೆದ ಮಕ್ಕಳು ಮದುವೆಯಾಗಿ, ಪೆಟ್ಟಾದರೂ ವೈದ್ಯರ ಮುಂದೆ ಬಾಯಿ ಬಿಡದೆ ನೋವು ನುಂಗುತ್ತಾರೆ.

ಮುಟ್ಟು ನಿಂತ ಹೆಂಗಸಿಗೆ, ಸಕ್ಕರೆ ಕಾಯಿಲೆಯ ಗಂಡಸಿಗೆ, ಒಂಟಿ ಬಾಳಿನ ವಿಧವೆಗೆ ಆಸೆ ಇರಬಾರದೆಂದು ಯಾವ ದೇವರು ಬರೆದಿಟ್ಟಿದ್ದಾನೆ? ಉಳ್ಳವರು ಗುಟ್ಟಾಗಿ ತರಿಸಿಕೊಳ್ಳುತ್ತಾರೆ, ಇಲ್ಲದವರು ಪೈಪು ಕೊಯ್ಯುತ್ತಾರೆ. ಪೈಪು ಕೊಯ್ದದ್ದು ತಪ್ಪಲ್ಲ. ಅಂಚು ಉಜ್ಜಿಕೋ ಎಂದು ಹೇಳದೆ ಹೋದದ್ದು ನಮ್ಮ ಸಮಾಜದ ತಪ್ಪು.