ಪಿಂಗ್ ಹೋಗ್ತಿದೆ, ಡೇಟಾ ಹೋಗ್ತಿಲ್ಲ

"ಟನಲ್ ಅಪ್ ಇದೆ, ಪಿಂಗ್ ಹೋಗ್ತಾ ಇದೆ, ನಮ್ಮ ಕಡೆ ಏನೂ ತೊಂದರೆ ಇಲ್ಲ." ಸ್ಟೋರೇಜ್ ಕೆಲಸ ಮಾಡುವವರು ನೆಟ್‌ವರ್ಕ್ ತಂಡದವರಿಂದ ಈ ಮಾತನ್ನು ಎಷ್ಟು ಸಲ ಕೇಳಿರುತ್ತಾರೋ ಲೆಕ್ಕವಿಲ್ಲ. ನನ್ನ ಕೇಳಿದರೆ ಕಾನ್ಫರೆನ್ಸ್ ಕಾಲ್‌ಗಳಲ್ಲಿ ಈ ಮಾತನ್ನೇ ನಿಷೇಧಿಸಬೇಕು!

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಬ್ಯಾಂಕಿನಂಥ ಕಡೆ ಡೇಟಾದ ಇನ್ನೊಂದು ಪ್ರತಿ ದೂರದ ಊರಲ್ಲಿರಬೇಕು. ಸ್ಟೋರೇಜ್ ಪೆಟ್ಟಿಗೆಗಳು ಆಡುವುದು ಫೈಬರ್ ಚಾನೆಲ್ ಭಾಷೆ, ಊರಿಂದ ಊರಿಗೆ ಸುಲಭವಾಗಿ ಸಿಗುವುದು ಐಪಿ ಲಿಂಕು. ಹಾಗಾಗಿ ಫೈಬರ್ ಚಾನೆಲ್ ಫ್ರೇಮುಗಳನ್ನು ಟಿಸಿಪಿಯೊಳಗೆ ತುಂಬಿ ಕಳಿಸುತ್ತಾರೆ. ಇದೇ ಎಫ್‌ಸಿಐಪಿ, 2004ರ ಆರ್‌ಎಫ್‌ಸಿ 3821. ಫೈಬರ್ ಚಾನೆಲ್ ಸ್ವಲ್ಪ ಮಡಿವಂತ, ಎದುರುಗಡೆ ಬಫರ್ ಖಾಲಿ ಇದೆ ಅಂತ ಖಾತ್ರಿಯಾಗದೆ ಫ್ರೇಮ್ ಕಳಿಸೋದಿಲ್ಲ. ಐಪಿಗೆ ಆ ಚಿಂತೆ ಇಲ್ಲ, ಜಾಗ ಸಾಲದಿದ್ದರೆ ಪ್ಯಾಕೆಟ್ ಬಿಸಾಕಿ ಮುಂದೆ ಹೋಗುತ್ತೆ. ಈ ಜೋಡಿಯ ಸಂಸಾರ ಸರಿದೂಗಿಸೋದು ಟಿಸಿಪಿಯ ಕರ್ಮ.

ಈಗ ಪಿಂಗ್ ವಿಷಯಕ್ಕೆ ಬರೋಣ. ಸುಮ್ಮನೆ ಪಿಂಗ್ ಅಂತ ಹೊಡೆದರೆ ಹೋಗೋದು ನೂರು ಬೈಟ್ ಕೂಡ ದಾಟದ ಪ್ಯಾಕೆಟ್. ದಾರಿಯಲ್ಲಿ ಯಾರೋ ಐಪಿಸೆಕ್ ಹಾಕಿರುತ್ತಾರೆ, ಹಿಡಿಸುವ ಗಾತ್ರ 1500 ಬೈಟಿಗಿಂತ ಕಮ್ಮಿಯಾಗಿರುತ್ತೆ. "ಪ್ಯಾಕೆಟ್ ದೊಡ್ಡದಾಯ್ತು" ಅಂತ ತಿಳಿಸುವ ಐಸಿಎಂಪಿ ಸಂದೇಶವನ್ನು ಫೈರ್‌ವಾಲ್ ನುಂಗಿಬಿಡುತ್ತೆ. ಟನಲ್ ಎಬ್ಬಿಸುವ ಪುಟ್ಟ ಪ್ಯಾಕೆಟ್ಟುಗಳೆಲ್ಲ ಆರಾಮಾಗಿ ಹೋಗುತ್ತವೆ, ದೀಪ ಹಸಿರು. ನಿಜವಾದ ಡೇಟಾ ಹೊರಟ ಕೂಡಲೆ ದೊಡ್ಡವು ಮಾಯ! ಟಿಸಿಪಿ ಮತ್ತೆ ಮತ್ತೆ ಕಳಿಸಿ ಸೋಲುತ್ತೆ, ಟನಲ್ ಬೀಳುತ್ತೆ, ಮತ್ತೆ ಏಳುತ್ತೆ.

ಹೀಗೆ ಬಿದ್ದು ಏಳುವ ಟನಲ್‌ಗಿಂತ ಪೂರ್ತಿ ಸತ್ತ ಟನಲ್ ಎಷ್ಟೋ ಮೇಲು. ಎರಡೂ ಊರಿನ ಫ್ಯಾಬ್ರಿಕ್ ಒಂದೇ ಆಗಿದ್ದರೆ ಅದು ಎದ್ದಾಗಲೆಲ್ಲ ಎರಡೂ ಕಡೆ ಕಲಕಿದಂತಾಗುತ್ತೆ. ಅನುಮಾನ ಬಂದರೆ ಮೊದಲು ಶಟ್ ಮಾಡಿ, ಆಮೇಲೆ ಕಾರಣ ಹುಡುಕಿ.

ಇನ್ನೊಂದು ಚಾಳಿ ಇದೆ. ನಿಧಾನ ಅಂದ ಕೂಡಲೆ ಬ್ಯಾಂಡ್‌ವಿಡ್ತ್ ಕೊಳ್ಳೋದು. ಬೆಂಗಳೂರಿಂದ ಮುಂಬೈಗೆ ಅಂದಾಜು 1000 ಕಿ.ಮೀ. ಕೇಬಲ್ ಅನ್ನಿ, ಫೈಬರ್‌ನಲ್ಲಿ ಬೆಳಕು ಹೋಗಿ ಬರೋದಕ್ಕೇ 10 ಮಿಲಿಸೆಕೆಂಡ್ ಬೇಕು. ಟಿಸಿಪಿ ವಿಂಡೋ 64 ಕಿಲೋಬೈಟ್ ಇದ್ದರೆ ಒಂದು ಕನೆಕ್ಷನ್‌ನಲ್ಲಿ ಸಿಗೋದು ಸೆಕೆಂಡಿಗೆ ಸುಮಾರು 52 ಮೆಗಾಬಿಟ್, ಅಷ್ಟೇ. ಲಿಂಕು 1 ಗಿಗಾಬಿಟ್ಟಿದ್ದರೂ ಅಷ್ಟೇ, 10 ಇದ್ದರೂ ಅಷ್ಟೇ. 1 ಗಿಗಾಬಿಟ್ ತುಂಬಬೇಕಾದರೆ ವಿಂಡೋ ಸುಮಾರು 1.25 ಮೆಗಾಬೈಟ್ ಇರಬೇಕು. ಈ ಗುಣಾಕಾರಕ್ಕೆ ಎರಡು ನಿಮಿಷ ಸಾಕು, ಆದರೆ ಪರ್ಚೇಸ್ ಆರ್ಡರ್ ಬರೆಯುವ ಮುಂಚೆ ಯಾರೂ ಮಾಡೋದಿಲ್ಲ.

ಇದೆಲ್ಲ ಎರಡು ತಂಡದ ಜಗಳ ಮಾತ್ರ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಪ್ರತಿ ನಾಲ್ಕು ಗಂಟೆ ಹಿಂದೆ ಬಿದ್ದಿರುವಾಗ ಇಲ್ಲಿ ಬೆಂಕಿ ಹತ್ತಿಕೊಂಡರೆ, ಆ ನಾಲ್ಕು ಗಂಟೆಯಲ್ಲಿ ಯಾರೋ ಕಟ್ಟಿದ ದುಡ್ಡು ಅಲ್ಲಿನ ಡಿಸ್ಕಿನಲ್ಲಿ ಇರೋದೇ ಇಲ್ಲ. ಮ್ಯಾನೇಜರುಗಳು ಕೇಳಬೇಕಾದ್ದು "ಟನಲ್ ಅಪ್ ಇದೆಯಾ?" ಅಂತಲ್ಲ, "ಬಾಕಿ ಎಷ್ಟು ನಿಮಿಷದ್ದು?" ಅಂತ.

ಲಿಂಕು ಹಾಕಿದ ದಿನವೇ ಇಬ್ಬರೂ ಒಟ್ಟಿಗೆ ಕೂತು ಒಂದು ಗಂಟೆ ಪೂರ್ತಿ ಲೋಡ್ ಓಡಿಸಿ, ಹೋಗಿಬರುವ ಸಮಯ, ರೀಟ್ರಾನ್ಸ್‌ಮಿಟ್ ಎಣಿಕೆ ಎರಡನ್ನೂ ಬರೆದಿಡಿ. ಪಿಂಗ್ ಮಾಡಲೇಬೇಕಾ? ಮಾಡಿ, ಆದರೆ ತುಂಡು ಮಾಡಬಾರದು ಅನ್ನೋ ಗುರುತು ಹಾಕಿ, 1472 ಬೈಟ್ ಇಟ್ಟು ಮಾಡಿ. 1472 ಯಾಕೆ ಅಂದರೆ, ಐಪಿ ಹೆಡರ್ 20, ಐಸಿಎಂಪಿ ಹೆಡರ್ 8 ಸೇರಿ ಸರಿಯಾಗಿ 1500 ಆಗುತ್ತೆ.