ಸೇತುವೆಯ ಕೀಲಿಕೈ ಯಾರ ಬಳಿ?

ಠಾಣೆ, ಡೊಂಬಿವಲಿ, ಕಲ್ಯಾಣಗಳ ಹೋಟೆಲು ಕಾರ್ಮಿಕ ಬಂಧುಗಳಿಗೂ ನವಿಮುಂಬಯಿಯ ಗುಮಾಸ್ತ ಮಿತ್ರರಿಗೂ ಕ್ರಿಪ್ಟೋ ನಾಣ್ಯದ ಮಾತು ಈಗ ಹೊಸತಲ್ಲ. ಒಂದು ಜಾಲದ ನಾಣ್ಯವನ್ನು ಇನ್ನೊಂದಕ್ಕೆ ಕ್ಷಣಮಾತ್ರದಲ್ಲಿ ದಾಟಿಸಬಹುದು, ಭಯವಿಲ್ಲ ಎನ್ನುವವರಿದ್ದಾರೆ. ದಾಟಿಸುವುದೆಂದರೇನೆಂಬುದನ್ನು ವಾಚಕರು ಮೊದಲು ಅರಿಯಬೇಕು.

ಬ್ಲಾಕ್‌ಚೈನೆಂದರೆ ಅನೇಕರು ಏಕಕಾಲದಲ್ಲಿ ಇಟ್ಟುಕೊಳ್ಳುವ ಒಂದೇ ಲೆಕ್ಕದ ಪುಸ್ತಕ. ಒಂದು ಪುಸ್ತಕದ ಬರಹವನ್ನು ಮತ್ತೊಂದು ತಾನಾಗಿ ಓದಲಾರದು. ಆದುದರಿಂದ ನಡುವೆ ‘ಸೇತುವೆ’ಗಳನ್ನು ಕಟ್ಟಿದ್ದಾರೆ. 2017ರಲ್ಲಿ ಮುಂಬಯಿಯಲ್ಲಿ ಮ್ಯಾಟಿಕ್ ಎಂದು ಹುಟ್ಟಿ, 2021ರಲ್ಲಿ ಪಾಲಿಗಾನ್ ಎಂಬ ಹೆಸರು ತಳೆದ ಜಾಲಕ್ಕೂ ಈಥೀರಿಯಂಗೂ ನಡುವೆ ಅಂಥ ಸೇತುವೆಯಿದೆ.

ನಾವು ಹೋಟೆಲು ನಡೆಸುತ್ತಿದ್ದಾಗ ಗಲ್ಲೆಯಲ್ಲಿ ಹಣ ಪಡೆದು ಊಟದ ಕೂಪನ್ ಕೊಡುತ್ತಿದ್ದೆವು. ಸೇತುವೆಯ ಕ್ರಮವೂ ಬಹುಮಟ್ಟಿಗೆ ಇದೇ. ಮೂಲ ನಾಣ್ಯ ಈಚೆಯ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಆಚೆ ದಡದಲ್ಲಿ ಅಷ್ಟೇ ಮೌಲ್ಯದ ಚೀಟಿ ಹುಟ್ಟುತ್ತದೆ. ಚೀಟಿ ರದ್ದಾದ ಮೇಲೆ ನಾಣ್ಯ ಬಿಡುಗಡೆಯಾಗುತ್ತದೆ. ಪೆಟ್ಟಿಗೆ ಬರಿದಾದರೆ ಚೀಟಿ ಬರಿಯ ಕಾಗದ.

2022ರ ಮಾರ್ಚ್ 23ರಂದು ರೋನಿನ್ ಎಂಬ ಸೇತುವೆಯಲ್ಲಿ ನಡೆದುದು ಇದೇ. ಫಿಲಿಪೈನ್ಸಿನ ಅನೇಕ ಬಡವರು ಆಟವಾಡಿ ಗಳಿಸುತ್ತಿದ್ದ ಜಾಲವದು. ಪೆಟ್ಟಿಗೆಗೆ ಒಂಬತ್ತು ಕೀಲಿಕೈಗಳಿದ್ದವು. ತೆರೆಯಲು ಐದು ಸಾಕು. ನಾಲ್ಕು ಒಂದೇ ಕಂಪನಿಯ ವಶದಲ್ಲಿದ್ದವು. ಕಳ್ಳರಿಗೆ ಐದು ದೊರೆತವು. 60 ಕೋಟಿ ಡಾಲರಿಗೂ ಮಿಕ್ಕ ಮೌಲ್ಯ ಹೋಯಿತು. ಆರು ದಿನ ಯಾರಿಗೂ ತಿಳಿಯಲಿಲ್ಲ! ಕಂಪನಿಯವರು ಹೊಸ ಬಂಡವಾಳ ಕೂಡಿಸಿ ಬಳಕೆದಾರರ ನಷ್ಟ ತುಂಬಿದರು. ಎಲ್ಲರಿಗೂ ಆ ಶಕ್ತಿ ಇರುವುದಿಲ್ಲ.

ನಮ್ಮ ರಿಸರ್ವ್ ಬ್ಯಾಂಕು 2022ರ ಡಿಸೆಂಬರ್ 1ರಂದು ಮುಂಬಯಿಯೂ ಸೇರಿ ನಾಲ್ಕು ನಗರಗಳಲ್ಲಿ ಜನರ ಬಳಕೆಗೆ ಪ್ರಯೋಗವಾಗಿ ತಂದ ಡಿಜಿಟಲ್ ರೂಪಾಯಿಯನ್ನು ಅಂಗಡಿಯ ಯುಪಿಐ ಕ್ಯೂಆರ್ ಫಲಕದ ಮೂಲಕವೂ ಕೊಡಬಹುದಾಗಿದೆ. ಇದೂ ಎರಡು ವ್ಯವಸ್ಥೆಗಳ ಕೂಡುವಿಕೆಯೇ. ಆದರೆ ಆ ರೂಪಾಯಿಗೆ ರಿಸರ್ವ್ ಬ್ಯಾಂಕೇ ಹೊಣೆ. ಕ್ರಿಪ್ಟೋ ಲಾಭದ ಮೇಲೆ 2022ರ ಏಪ್ರಿಲ್ 1ರಿಂದ ಶೇಕಡಾ 30ರ ತೆರಿಗೆ ಬಂದಿದೆ. ತೆರಿಗೆ ಕಟ್ಟಿದ ಮಾತ್ರಕ್ಕೆ ಸರಕಾರ ಜಾಮೀನು ನಿಂತಂತಾಗದು.

ನಾವು ಹೊಸ ವಿದ್ಯೆಯ ವಿರೋಧಿಗಳಲ್ಲ. ಆದರೆ ಹೊಟ್ಟೆಬಟ್ಟೆ ಕಟ್ಟಿ, ತಂಗಿಯ ಮದುವೆಗೆಂದು ಕೂಡಿಟ್ಟ ದುಡ್ಡು ಸೇತುವೆ ಹತ್ತುವ ಮೊದಲು ಕೇಳಿರಿ: ಪೆಟ್ಟಿಗೆ ಎಲ್ಲಿದೆ? ಕೀಲಿಕೈ ಎಷ್ಟು ಜನರಲ್ಲಿದೆ? ಕಳವಾದರೆ ತುಂಬಿಕೊಡುವವರಾರು? ಉತ್ತರ ದೊರೆಯದಿದ್ದಲ್ಲಿ ಈಚೆಯ ದಡದಲ್ಲೇ ನಿಲ್ಲುವುದು ಲೇಸು.